ಕಿವಿಗೊಡುವ ದಿಕ್ಕು

ರಾತ್ರಿ ಗಲ್ಲಾಪೆಟ್ಟಿಗೆ ಮುಚ್ಚಿದ ಮೇಲೆ, ವೈಜಾಪುರದಂಥ ಊರಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಹಿರಿಯರಿಗೆ ಇನ್ನೊಂದು ಕೆಲಸ ಉಳಿದಿರುತ್ತಿತ್ತು: ಟ್ರಾನ್ಸಿಸ್ಟರಿನಲ್ಲಿ ಧಾರವಾಡವನ್ನು ಹುಡುಕುವುದು. 1950ರಲ್ಲಿ ಆರಂಭವಾದ ಆ ಆಕಾಶವಾಣಿ ನಿಲಯವು ಇಲ್ಲಿಂದ ಸುಮಾರು 500 ಕಿಲೋಮೀಟರು, ಬಹುಮಟ್ಟಿಗೆ ನೇರ ದಕ್ಷಿಣಕ್ಕಿದೆ. ಧ್ವನಿ ಕುಂದಿದಾಗ ಪೆಟ್ಟಿಗೆಯನ್ನು ಮೇಜಿನ ಮೇಲೆ ಮೆಲ್ಲನೆ ತಿರುಗಿಸುವರು. ಒಂದು ಸ್ಥಾನದಲ್ಲಿ ಗೊರಗೊರ ಅಡಗಿ ಕನ್ನಡವು ತಿಳಿಯಾಗಿ ಕೇಳಿಬರುವುದು.

ಪೆಟ್ಟಿಗೆಯೊಳಗೆ ತಂತಿ ಸುತ್ತಿದ ಫೆರೈಟ್ ಎಂಬ ಕಪ್ಪು ಕಡ್ಡಿಯೊಂದಿರುತ್ತದೆ. ಪಾರ್ಶ್ವದಿಂದ ಬಂದ ಅಲೆಯನ್ನು ಅದು ಚೆನ್ನಾಗಿ ಹಿಡಿಯುತ್ತದೆ. ತುದಿಯ ಕಡೆಯಿಂದ ಬಂದುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಕಡ್ಡಿಯನ್ನು ಪೂರ್ವಪಶ್ಚಿಮವಾಗಿ ಇಟ್ಟರೆ ದಕ್ಷಿಣದ ಧಾರವಾಡಕ್ಕೆ ಅನುಕೂಲ. ಧ್ವನಿ ಹೆಚ್ಚಿತೆಂಬುದಕ್ಕಿಂತ ಅಕ್ಕಪಕ್ಕದ ಗದ್ದಲ ತಗ್ಗಿತೆಂಬುದೇ ಇಲ್ಲಿನ ಲಾಭ. ಊಟದ ವೇಳೆಯ ಗಲಾಟೆಯಲ್ಲಿ ಮೂಲೆಯ ಮೇಜಿನ ಆರ್ಡರನ್ನು ಕೇಳಬಲ್ಲ ಮಾಣಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸರ್ಕಾರದ ಪರವಾನಗಿ ಪಡೆದು ಲಾಭದಾಸೆಯಿಲ್ಲದೆ ಸಂದೇಶ ಕಳುಹಿಸುವ ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಇದೇ ಗುಣವನ್ನು ದೊಡ್ಡ ಪ್ರಮಾಣದಲ್ಲಿ ಬಳಸುತ್ತಾರೆ. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕದವನು ಸ್ಕಾಟ್ಲೆಂಡಿನ ಆರ್ಡ್ರಾಸನ್ ಎಂಬಲ್ಲಿ ಡೇರೆ ಹೂಡಿ, ನೂರಾರು ಅಡಿ ಉದ್ದದ ತಂತಿಯೊಂದನ್ನು ತನ್ನ ದೇಶದ ಕಡೆಗೆ ಚಾಚಿ ಕಟ್ಟಿದನು. ಹೆರಾಲ್ಡ್ ಬೆವರೇಜ್ ಎಂಬ ಎಂಜಿನಿಯರನು ರೂಪಿಸಿದ ಏರಿಯಲ್ಲು ಅದು. ಆಳೆತ್ತರಕ್ಕಿಂತ ತುಸು ಮೇಲೆ ನೆಲಕ್ಕೆ ಸಮಾನಾಂತರವಾಗಿ ಹೋಗುತ್ತದೆ. ಚಳಿಮಳೆಯ ರಾತ್ರಿಗಳಲ್ಲಿ ಎಚ್ಚರವಿದ್ದು ಗಾಡ್ಲಿಯು ಅಟ್ಲಾಂಟಿಕ್ ಸಾಗರದ ಆಚೆಯ ಹವ್ಯಾಸಿಗಳ ಸಂಕೇತಗಳನ್ನು ಕೇಳಿದನು.

ಆ ಜಾಗರಣೆಯನ್ನು ಇಂದು ಗಣಕಯಂತ್ರಕ್ಕೆ ಒಪ್ಪಿಸಲಾಗಿದೆ. ಹವ್ಯಾಸಿಗಳ ಅಂತರರಾಷ್ಟ್ರೀಯ ಯೋಜನೆಯೊಂದರಲ್ಲಿ 18 ನಿಲಯಗಳು, ಕಡಲ ದೀಪಸ್ತಂಭಗಳ ಹಾಗೆ, 14.100 ಮೆಗಾಹರ್ಟ್ಸಿನಲ್ಲಿ ಸರದಿಯಂತೆ ತಲಾ 10 ಸೆಕೆಂಡು ಸಂಕೇತ ಕಳುಹಿಸುವ ವೇಳಾಪಟ್ಟಿಯಿದೆ. 3 ನಿಮಿಷಕ್ಕೆ ಒಂದು ಸುತ್ತು. ಪ್ರತಿ ನಿಲಯವೂ ತನ್ನ ಹೆಸರನ್ನು ಸಾರಿ, ಅನಂತರ ನಾಲ್ಕು ದೀರ್ಘ ಸ್ವರಗಳನ್ನು 100, 10, 1, ಕೊನೆಗೆ 0.1 ವಾಟಿನಲ್ಲಿ ಕಳುಹಿಸಬೇಕು. ಎಷ್ಟನೆಯ ಸ್ವರದವರೆಗೆ ಕೇಳಿಸಿತೆಂಬುದರಿಂದ ಆಕಾಶದ ಆ ದಾರಿ ಎಷ್ಟು ತೆರೆದಿದೆಯೆಂದು ತಿಳಿಯುತ್ತದೆ.

ತೊಡಕಿರುವುದು ಇಲ್ಲಿಯೇ. ಹಾಂಗ್‌ಕಾಂಗ್, ಕೊಲಂಬೋ, ದಕ್ಷಿಣ ಆಫ್ರಿಕ, ಕೀನ್ಯಾ, ಇಸ್ರೇಲ್ ಇವುಗಳ ಸರದಿ ಒಂದರ ಹಿಂದೊಂದು ಬರುತ್ತದೆ. ವೈಜಾಪುರದಿಂದ ನೋಡಿದರೆ 50 ಸೆಕೆಂಡಿನಲ್ಲಿ ಪೂರ್ವದಿಂದ ದಕ್ಷಿಣಕ್ಕೆ, ನೈಋತ್ಯಕ್ಕೆ, ವಾಯವ್ಯಕ್ಕೆ ತಿರುಗಬೇಕು. ಏರಿಯಲ್ಲು ಪೂರ್ವಕ್ಕೇ ಮುಖಮಾಡಿದ್ದರೆ, ಕೀನ್ಯಾದ ಸಂಕೇತ ಬಂದರೂ ಯಂತ್ರವು ‘ಏನೂ ಕೇಳಲಿಲ್ಲ’ವೆಂದು ದಾಖಲಿಸಬಹುದು. ಮನುಷ್ಯನಾದರೆ ಅನುಮಾನಿಸಿ ಪೆಟ್ಟಿಗೆಯನ್ನು ತಿರುಗಿಸಿ ನೋಡುತ್ತಾನೆ. ಯಂತ್ರಕ್ಕೆ ಅನುಮಾನವೆಂಬುದಿಲ್ಲ, ದಿನವಿಡೀ ತಪ್ಪನ್ನೇ ಅಚ್ಚುಕಟ್ಟಾಗಿ ಬರೆದಿಡುತ್ತದೆ.

ಮೋಟಾರಿನಿಂದ ತಿರುಗುವ ಏರಿಯಲ್ಲು 10 ಸೆಕೆಂಡಿಗೆ ತಕ್ಕಷ್ಟು ಚುರುಕಲ್ಲ. ಆದುದರಿಂದ ಬೇರೆ ಬೇರೆ ದಿಕ್ಕಿಗೆ ಹಲವು ತಂತಿಗಳನ್ನು ಕಟ್ಟಿ, ರಿಲೇ ಸ್ವಿಚ್ಚುಗಳಿಂದ ಸರದಿಗೆ ತಕ್ಕ ತಂತಿಯನ್ನು ಜೋಡಿಸುವುದು ಲೇಸು. ಗಣಕದ ಗಡಿಯಾರವನ್ನು ಉಪಗ್ರಹದ ವೇಳೆಗೆ ಹೊಂದಿಸಬೇಕು. ದಾಖಲೆಯ ಪ್ರತಿ ಸಾಲಿನಲ್ಲಿ ವೇಳೆಯ ಪಕ್ಕದಲ್ಲಿ ದಿಕ್ಕನ್ನೂ ಬರೆಯಿಸಬೇಕು.

ಅಟ್ಟದ ಮೇಲೆ ಹಳೆಯ ಟ್ರಾನ್ಸಿಸ್ಟರು ಉಳಿಸಿಕೊಂಡ ವಾಚಕರು ರಾತ್ರಿ ಮಧ್ಯಮ ತರಂಗಕ್ಕೆ ಮುಳ್ಳನ್ನಿಟ್ಟು ತಿರುಗಿಸಿ ನೋಡಬಹುದು. ಮೊಬೈಲ್ ಚಾರ್ಜರನ್ನೂ ಎಲ್‌ಇಡಿ ದೀಪವನ್ನೂ ಮೊದಲು ಆರಿಸಿರಿ; ಈಗಿನ ಗೊರಗೊರದಲ್ಲಿ ಬಹುಪಾಲು ಅವುಗಳದೇ.