ಸೊಪ್ಪಿನ ಬೆಟ್ಟದಿಂದ ಅಡಿಕೆ ತೋಟಕ್ಕೆ

ಉತ್ತರ ಕನ್ನಡದ ಘಟ್ಟದ ಮೇಲೆ ಅಡಿಕೆ ತೋಟಗಳಿರುವುದು ಕಣಿವೆಯಲ್ಲಿ. ಮೇಲ್ಭಾಗದಲ್ಲಿ ಸೊಪ್ಪಿನ ಬೆಟ್ಟ. ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟಿರುವುದು ಸುಮ್ಮನೆ ಅಲ್ಲ. ಬೆಟ್ಟದ ಮರಗಳ ಬೇರುಗಳು ಆಳದ ಮಣ್ಣಿನಿಂದ ಪೊಟ್ಯಾಷ್, ಸುಣ್ಣದ ಅಂಶಗಳನ್ನು ಹೀರಿ ಎಲೆಗೆ ತರುತ್ತವೆ. ಎಲೆ ಉದುರಿ ಕೊಳೆತರೆ ಅವೇ ಅಂಶಗಳು ಮತ್ತೆ ಬೇರಿಗೆ ಸಿಗುತ್ತವೆ. ಸೊಪ್ಪು, ದರಕು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ತೋಟ ಸೇರಿದಾಗ ಬೆಟ್ಟದ ಮಟ್ಟಿಗೆ ಈ ಚಕ್ರ ತುಂಡಾಗುತ್ತದೆ. ಸಾರಜನಕವನ್ನು ಸೂಕ್ಷ್ಮಾಣುಗಳು ಗಾಳಿಯಿಂದ ಸ್ವಲ್ಪ ತುಂಬಿಕೊಡಬಲ್ಲವು. ರಂಜಕಕ್ಕೆ ಅಂಥ ದಾರಿ ಇಲ್ಲ, ಕಲ್ಲು ನಿಧಾನವಾಗಿ ಶಿಥಿಲಗೊಂಡೇ ಅದು ಬರಬೇಕು.

ನಷ್ಟ ಪೋಷಕಾಂಶದ್ದಷ್ಟೇ ಅಲ್ಲ. ದರಕು ಪೂರ್ತಿ ಗುಡಿಸಿದ ನೆಲಕ್ಕೆ ಮಳೆಹನಿ ನೇರವಾಗಿ ಬಡಿದು ಮಣ್ಣಿನ ರಂಧ್ರಗಳು ಮುಚ್ಚುತ್ತವೆ. ಇಂಗಬೇಕಾದ ನೀರು ಮೇಲ್ಮಣ್ಣಿನೊಡನೆ ಹಳ್ಳ ಸೇರುತ್ತದೆ. ತೋಟದ ಒರತೆಗೆ ನೀರು ಬರುವುದು ಇದೇ ಬೆಟ್ಟದಿಂದ; ಬೇಸಿಗೆಯಲ್ಲಿ ಒರತೆ ಬೇಗ ಬತ್ತಿದರೆ ಮಳೆಯೊಂದನ್ನೇ ದೂರಿ ಫಲವಿಲ್ಲ.

ಆದುದರಿಂದ ಬೆಟ್ಟವನ್ನು ಭಾಗ ಮಾಡಿಕೊಂಡು, ಸರದಿಯಂತೆ ಪ್ರತಿ ವರ್ಷ ಒಂದು ಭಾಗದ ಸೊಪ್ಪು, ದರಕನ್ನು ಮುಟ್ಟದೆ ಬಿಡಬೇಕು. ಸೊಪ್ಪು ಕಡಿಯುವಾಗ ಮರದ ತುದಿ ಉಳಿಸಬೇಕು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸಾಗಿದೆ. ಜೊತೆಗೆ ಹಸಿರೆಲೆ, ಕಾಂಪೋಸ್ಟ್ ತಲಾ 12 ಕಿಲೋ. ಸೋಗೆ, ಸಿಪ್ಪೆಗಳನ್ನು ಸುಡದೆ ಕೊಳೆಸಿ ತೋಟಕ್ಕೇ ಹಾಕಿದರೆ ಬೆಟ್ಟದ ಮೇಲಿನ ಹೊರೆ ಅಷ್ಟು ಕಡಮೆಯಾಗುತ್ತದೆ.