ಸ್ಟೀಲ್ ಪಾತ್ರೆ, ಉಪಕರಣಗಳ ತುಕ್ಕು: ನಿವಾರಣೆ ಮತ್ತು ಮುನ್ನೆಚ್ಚರಿಕೆ

ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಾಲಕಾಲಕ್ಕೆ ಕಲಾಯಿ ಹಾಕಿಸಬೇಕಾಗಿದ್ದ ದಿನಗಳು ಹಿರಿಯರಿಗೆ ನೆನಪಿರಬಹುದು. ಈಗ ಹಳ್ಳಿಯ ಮನೆಗಳಲ್ಲಿಯೂ ಸ್ಟೀಲ್ ತಟ್ಟೆ, ಲೋಟ, ಬಿಂದಿಗೆಗಳ ಜೊತೆಗೆ ಗ್ಯಾಸ್ ಒಲೆ, ಮಿಕ್ಸಿ, ಗ್ರೈಂಡರ್, ಹಾಲಿನ ಕ್ಯಾನುಗಳೂ ಸ್ಟೀಲಿನವೇ ಆಗಿವೆ. ತುಕ್ಕು ಹಿಡಿಯದ ಉಕ್ಕು ಎಂಬ ಹೆಸರಿರುವುದರಿಂದ ಇವಕ್ಕೆ ಯಾವ ಆರೈಕೆಯೂ ಬೇಡವೆಂಬ ನಂಬಿಕೆ ಬೆಳೆದಿದೆ. ಕೆಲವೇ ತಿಂಗಳಲ್ಲಿ ಕೆಂಪು ಚುಕ್ಕೆಗಳು ಕಾಣಿಸಿಕೊಂಡಾಗ ಅಂಗಡಿಯವರನ್ನು ದೂರುವುದುಂಟು. ಆದರೆ ಅನೇಕ ಸಂದರ್ಭಗಳಲ್ಲಿ ಈ ತುಕ್ಕಿಗೆ ನಾವು ಪಾತ್ರೆಯನ್ನು ತೊಳೆಯುವ ಮತ್ತು ಇಡುವ ರೀತಿಯೇ ಕಾರಣ.

ಹೈನುಗಾರಿಕೆಯಿರುವ ಮನೆಗಳಲ್ಲಿ ಇದು ಕೇವಲ ಅಂದಚೆಂದದ ಮಾತಲ್ಲ. ತುಕ್ಕು ತಿಂದು ಸಣ್ಣ ಗುಳಿ ಬಿದ್ದ ಕ್ಯಾನಿನಲ್ಲಿ ಹಾಲಿನ ಅಂಶ ಸೇರಿಕೊಂಡು, ಎಷ್ಟು ತೊಳೆದರೂ ಸೂಕ್ಷ್ಮಜೀವಿಗಳು ಉಳಿಯುತ್ತವೆ. ಇಂತಹ ಕ್ಯಾನಿನ ಹಾಲು ಬೇಗ ಹುಳಿಯಾಗಿ ಒಡೆಯುತ್ತದೆ.

ತುಕ್ಕು ಏಕೆ ಬರುತ್ತದೆ?

ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞ 1913ರಲ್ಲಿ ಉಕ್ಕಿಗೆ ಕ್ರೋಮಿಯಂ ಸೇರಿಸಿ, ಸುಲಭವಾಗಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ. ಉಕ್ಕಿನಲ್ಲಿ ಸುಮಾರು ಶೇಕಡ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಅದು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಒಂದು ತೆಳು ಪದರವನ್ನು ಕಟ್ಟುತ್ತದೆ. ಈ ಪದರ ನಮ್ಮ ಕೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ತೆಳುವಾದುದು, ಕಣ್ಣಿಗೆ ಕಾಣುವುದಿಲ್ಲ. ಒಳಗಿನ ಕಬ್ಬಿಣಕ್ಕೆ ನೀರು, ಗಾಳಿ ತಾಗದಂತೆ ಇದು ಕಾಯುತ್ತದೆ. ಗೀರು ಬಿದ್ದರೂ, ಮೇಲ್ಮೈ ಶುಚಿಯಾಗಿ ಒಣಗಿದ್ದರೆ ಪದರ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ.

ಈ ಪದರದ ಮುಖ್ಯ ಶತ್ರು ಕ್ಲೋರೈಡ್. ಇದು ಅಡಿಗೆ ಉಪ್ಪಿನಲ್ಲಿದೆ, ಉಪ್ಪು ಮಿಶ್ರಿತ ಕೊಳವೆ ಬಾವಿಯ ನೀರಿನಲ್ಲಿದೆ, ಕರಾವಳಿಯ ಗಾಳಿಯಲ್ಲಿದೆ. ಬ್ಲೀಚಿಂಗ್ ಪುಡಿ ಮತ್ತು ಶೌಚಾಲಯ ತೊಳೆಯುವ ಆಸಿಡ್ಡುಗಳಿಂದಲೂ ಇದೇ ಬಗೆಯ ಹಾನಿಯಾಗುತ್ತದೆ. ಇವು ಒಂದೇ ಕಡೆ ಬಹಳ ಹೊತ್ತು ನಿಂತರೆ ಪದರ ಒಡೆದು ಗುಳಿ ಬೀಳುತ್ತದೆ.

ಎರಡನೆಯ ಕಾರಣ ಹೊರಗಿನ ಕಬ್ಬಿಣ. ಕಬ್ಬಿಣದ ತಂತಿ ನಾರಿನಿಂದ ತಿಕ್ಕಿದಾಗ ಅದರ ಸಣ್ಣ ಚೂರುಗಳು ಸ್ಟೀಲಿನ ಗೀರುಗಳಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತವೆ. ಒದ್ದೆ ಕಾವಲಿ ಅಥವಾ ಕಬ್ಬಿಣದ ಬಾಣಲೆಯನ್ನು ಸ್ಟೀಲ್ ಸಿಂಕಿನಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕೆಂಪು ಉಂಗುರ ಕಾಣುವುದೂ ಇದೇ ಕಾರಣದಿಂದ.

ಕಲೆಗಳನ್ನು ಗುರುತಿಸುವುದು

ಎಲ್ಲ ಕಲೆಗಳೂ ತುಕ್ಕಲ್ಲ. ಗಡಸು ನೀರಿನಿಂದ ಬಿಳಿಯ ಸುಣ್ಣದ ಕಲೆಯಾಗುತ್ತದೆ. ಅತಿಯಾಗಿ ಕಾದಾಗ ನೀಲಿ, ಹಳದಿ ಬಣ್ಣದ ಛಾಯೆ ಮೂಡುತ್ತದೆ. ಕಂದುಗೆಂಪು ಚುಕ್ಕೆ ಮಾತ್ರ ತುಕ್ಕು. ತಿಕ್ಕಿದ ಮೇಲೆ ಬೆರಳಿಗೆ ನುಣುಪಾಗಿದ್ದರೆ ಅದು ಮೇಲ್ಮೈಯ ತುಕ್ಕು. ಸೂಜಿಮೊನೆಯಂತಹ ಗುಳಿ ಕಂಡರೆ ಲೋಹವೇ ಸವೆದಿದೆ ಎಂದು ತಿಳಿಯಬೇಕು.

ತುಕ್ಕು ತೆಗೆಯುವ ವಿಧಾನ

ಮಿಕ್ಸಿ, ಗ್ರೈಂಡರುಗಳಾದರೆ ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಬೇಕು. ಗ್ಯಾಸ್ ಒಲೆಯಾದರೆ ರೆಗ್ಯುಲೇಟರ್ ಮುಚ್ಚಿ ಒಲೆ ತಣಿಯುವವರೆಗೆ ಕಾಯಬೇಕು.

1. ಸಾಬೂನು ಮತ್ತು ಉಗುರುಬೆಚ್ಚಗಿನ ನೀರಿನಿಂದ ಜಿಡ್ಡನ್ನು ತೊಳೆಯಿರಿ.

2. ಮೂರು ಚಮಚ ಅಡಿಗೆ ಸೋಡಾಕ್ಕೆ ಒಂದು ಚಮಚ ನೀರು ಬೆರೆಸಿ, ಕಲೆಯ ಮೇಲೆ ಹಚ್ಚಿ ಅರ್ಧ ಗಂಟೆ ಬಿಡಿ. ನಂತರ ಮೆತ್ತನೆಯ ಬಟ್ಟೆಯಿಂದ, ಲೋಹದ ಮೇಲಿನ ಗೆರೆಗಳು ಸಾಗುವ ದಿಕ್ಕಿನಲ್ಲಿಯೇ ತಿಕ್ಕಿರಿ.

3. ಕಲೆ ಹೋಗದಿದ್ದರೆ ಒಂದು ಲೀಟರ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ ಕರಗಿಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಕಲೆಯ ಮೇಲೆ 15ರಿಂದ 20 ನಿಮಿಷ ಹಾಸಿಡಿ. ಸುಣ್ಣದ ಕಲೆಗೂ ಇದೇ ಉಪಾಯ.

4. ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ಒಣ ಬಟ್ಟೆಯಿಂದ ಒರೆಸಿ ಗಾಳಿಗೆ ಇಡಿ. ಈ ಕೊನೆಯ ಕೆಲಸವನ್ನು ಬಿಡಬಾರದು. ರಕ್ಷಣಾ ಪದರ ಮತ್ತೆ ಕಟ್ಟಿಕೊಳ್ಳುವುದು ಆಗಲೇ.

ಎಚ್ಚರಿಕೆ: ಶೌಚಾಲಯದ ಆಸಿಡ್ಡನ್ನು ಸ್ಟೀಲಿಗೆ ಎಂದೂ ಹಾಕಬಾರದು. ಬ್ಲೀಚಿಂಗ್ ಪುಡಿಯನ್ನು ಯಾವುದೇ ಆಮ್ಲದೊಡನೆ, ನಿಂಬೆ ಉಪ್ಪಿನೊಡನೆ ಕೂಡ, ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲ ಪ್ರಾಣಾಪಾಯಕಾರಿ.

ಹಾಲಿನ ಪಾತ್ರೆಗಳು

ಹಾಲು ಖಾಲಿಯಾದ ಕೂಡಲೇ ತಣ್ಣೀರಿನಿಂದ ಅಥವಾ ಉಗುರುಬೆಚ್ಚಗಿನ ನೀರಿನಿಂದ ಜಾಲಿಸಬೇಕು. ಮೊದಲೇ ಕುದಿನೀರು ಹಾಕಿದರೆ ಹಾಲಿನ ಸಸಾರಜನಕ ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ 10 ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಬ್ರಷ್ಷಿನಿಂದ ತೊಳೆದು, ಮತ್ತೆ ಬಿಸಿನೀರಿನಲ್ಲಿ ಜಾಲಿಸಿ, ಕ್ಯಾನನ್ನು ಬಿಸಿಲಿನಲ್ಲಿ ಅಟ್ಟಣೆಯ ಮೇಲೆ ಬೋರಲು ಹಾಕಬೇಕು. ನೆಲಕ್ಕೆ ಬೋರಲು ಹಾಕಿದರೆ ಒಳಗೆ ಗಾಳಿಯಾಡುವುದಿಲ್ಲ. ಅಲ್ಯೂಮಿನಿಯಂ ಕ್ಯಾನುಗಳಿಗೆ ವಾಷಿಂಗ್ ಸೋಡಾ ಬಳಸಬಾರದು. ಅದು ಆ ಲೋಹವನ್ನು ತಿನ್ನುತ್ತದೆ. ಒಳಗೆ ಗುಳಿ ಬಿದ್ದ ಕ್ಯಾನನ್ನು ಹಾಲಿಗೆ ಉಪಯೋಗಿಸುವುದನ್ನು ನಿಲ್ಲಿಸುವುದೇ ಲಾಭಕರ.

ತುಕ್ಕು ಬಾರದಂತೆ ತಡೆಯುವುದು

* ಪಾತ್ರೆ ತಿಕ್ಕಲು ತೆಂಗಿನ ನಾರು ಉತ್ತಮ. ಅದರಿಂದ ಕಬ್ಬಿಣದ ಚೂರು ಉಳಿಯುವುದಿಲ್ಲ. ಇಟ್ಟಿಗೆ ಪುಡಿ, ಮರಳು ಬೇಡ.

* ಸಾರು, ಹುಳಿಗೆ ಉಪ್ಪನ್ನು ನೀರು ಕುದಿ ಬಂದ ಮೇಲೆ ಹಾಕಿ ಕಲಕಿರಿ. ತಣ್ಣೀರಿಗೆ ಹಾಕಿದ ಉಪ್ಪು ತಳದಲ್ಲಿ ಕೂತು ಗುಳಿ ಮಾಡುತ್ತದೆ.

* ಉಪ್ಪು, ಉಪ್ಪಿನಕಾಯಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಇಡದೆ ಪಿಂಗಾಣಿ ಭರಣಿ ಅಥವಾ ಗಾಜಿನ ಸೀಸೆಯಲ್ಲಿಡಿ.

* ದೋಸೆ ಹಿಟ್ಟು ರುಬ್ಬಿದ ಕೂಡಲೇ ಗ್ರೈಂಡರನ್ನು ತೊಳೆದು, ಕಲ್ಲನ್ನು ಹೊರತೆಗೆದು ಒಣಗಿಸಿ. ಮಿಕ್ಸಿ ಜಾರಿನ ಬ್ಲೇಡಿನ ಬುಡದಲ್ಲಿ ನೀರು ನಿಲ್ಲದಂತೆ ಬೋರಲು ಇಡಿ.

* ಗ್ಯಾಸ್ ಒಲೆಯ ಮೇಲೆ ಉಕ್ಕಿದ ಸಾರನ್ನು ಒಲೆ ಆರಿದ ಮೇಲೆ ಅದೇ ದಿನ ಒರೆಸಿ.

* ಕರಾವಳಿಯವರು ಒಲೆಯ ಹೊರಮೈಯನ್ನು ಆಗಾಗ ಸಿಹಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಬೇಕು.

* ಪೊಟ್ಯಾಷ್ ಗೊಬ್ಬರದಲ್ಲಿಯೂ ಕ್ಲೋರೈಡ್ ಇದೆ. ಗೊಬ್ಬರ, ಕೀಟನಾಶಕಗಳನ್ನು ಅಳೆಯಲು ಅಡಿಗೆಮನೆಯ ಪಾತ್ರೆಯನ್ನು ಒಯ್ಯಲೇಬಾರದು. ಇದರಲ್ಲಿ ತುಕ್ಕಿಗಿಂತ ವಿಷದ ಭಯ ಹೆಚ್ಚು.

ಕೊಳ್ಳುವಾಗ ಗಮನಿಸಿ

304 ಎಂಬ ದರ್ಜೆಯ ಸ್ಟೀಲಿನಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, ಶೇಕಡ 8 ನಿಕ್ಕಲ್ ಇರುತ್ತವೆ. ಅಗ್ಗದ 200 ಸರಣಿಯ ಸ್ಟೀಲಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಇದು ಉಪ್ಪಿಗೆ ಬೇಗ ಸೋಲುತ್ತದೆ. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲೆಂಬ ಮಾತು ಪೂರ್ತಿ ನಿಜವಲ್ಲ. ಈ ಎರಡು ಬಗೆಗಳಿಗೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಆದ್ದರಿಂದ ದರ್ಜೆಯ ಸಂಖ್ಯೆಯನ್ನೂ ಐ.ಎಸ್.ಐ. ಗುರುತನ್ನೂ ನೋಡಿ, ರಸೀದಿ ಪಡೆದು ಕೊಳ್ಳುವುದು ಲೇಸು. ಸ್ಟೀಲ್ ಪಾತ್ರೆಗಳಿಗೆ ಈ ಗುರುತನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿತು.

ಎಷ್ಟೇ ಒಳ್ಳೆಯ ಸ್ಟೀಲನ್ನು ಕೊಂಡರೂ ಉಪ್ಪು ಮತ್ತು ತೇವ ಅದರ ಮೇಲೆ ನಿಲ್ಲಬಾರದು. ತೊಳೆದ ಪಾತ್ರೆಯನ್ನು ಒರೆಸಿ ಒಣಗಿಸುವ ಅಭ್ಯಾಸಕ್ಕೆ ಖರ್ಚೇನೂ ಇಲ್ಲ. ಅದನ್ನು ತಪ್ಪದೆ ಪಾಲಿಸಿದ ಮನೆಯಲ್ಲಿ ಸ್ಟೀಲ್ ಪಾತ್ರೆ ಮುಂದಿನ ಪೀಳಿಗೆಗೂ ಉಳಿಯುತ್ತದೆ.