ಮೂಲವಿಜ್ಞಾನದ ಹೂಡಿಕೆ, ಸಮಾಜದ ಗಳಿಕೆ

ಯುರೋಪಿನ ರಾಷ್ಟ್ರಗಳು ಒಗ್ಗೂಡಿ 1954ರಲ್ಲಿ ಸಾರ್ವಜನಿಕ ಹಣದಿಂದ ಜಿನೀವಾದ ಬಳಿ ಸ್ಥಾಪಿಸಿದ ಸರ್ನ್ ಪ್ರಯೋಗಾಲಯದ ಗುರಿ ದ್ರವ್ಯದ ಮೂಲಕಣಗಳನ್ನು ಅರಿಯುವುದೇ ಹೊರತು ಲಾಭ ಗಳಿಸುವುದಲ್ಲ. ಆದರೂ ಅದರಿಂದ ಸಮಾಜಕ್ಕೆ ದೊರೆತ ಆರ್ಥಿಕ ಪ್ರಯೋಜನ ಹಲವು ಬಗೆಯದು. ವಿಜ್ಞಾನಿಗಳ ಮಾಹಿತಿ ವಿನಿಮಯಕ್ಕೆಂದು 1989ರಲ್ಲಿ ಟಿಮ್ ಬರ್ನರ್ಸ್-ಲೀ ಅಲ್ಲಿ ಪ್ರಸ್ತಾಪಿಸಿದ ವರ್ಲ್ಡ್ ವೈಡ್ ವೆಬ್ ಅನ್ನು ಸಂಸ್ಥೆಯು 1993ರಲ್ಲಿ ಶುಲ್ಕವಿಲ್ಲದೆ ಲೋಕಕ್ಕೆ ಮುಕ್ತಗೊಳಿಸಿದ್ದರಿಂದಲೇ ಇಂದಿನ ಅಂತರಜಾಲ ವಾಣಿಜ್ಯ ಇಷ್ಟು ವಿಸ್ತಾರವಾಗಿ ಬೆಳೆಯಲು ಸಾಧ್ಯವಾಯಿತು. ಕಣಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಒಯ್ಯುವ ಯಂತ್ರವಾದ, ಸುಮಾರು 27 ಕಿಲೋಮೀಟರ್ ಸುತ್ತಳತೆಯ ಅಲ್ಲಿನ ಕಣವೇಗವರ್ಧಕಕ್ಕೆ ಬಿಡಿಭಾಗಗಳನ್ನು ಪೂರೈಸಿದ ಕಾರ್ಖಾನೆಗಳು, ಭಾರತದವೂ ಸೇರಿದಂತೆ, ಅತಿ ನಿಖರ ತಯಾರಿಕೆಯ ಅನುಭವ ಪಡೆದವು; ಅಲ್ಲಿ ಪಳಗಿದ ಯುವ ಸಂಶೋಧಕರಲ್ಲಿ ಅನೇಕರು ತಮ್ಮ ಪರಿಣತಿಯನ್ನು ಉದ್ಯಮಗಳಿಗೆ ಒಯ್ದರು. ಫಲ ಯಾವಾಗ, ಯಾರಿಗೆ ದೊರೆಯುವುದೆಂದು ಮೊದಲೇ ಹೇಳಲಾಗದ ಇಂಥ ಕಾರ್ಯಕ್ಕೆ ಖಾಸಗಿ ಬಂಡವಾಳ ಹಿಂಜರಿಯುವುದರಿಂದ, ಈ ಹೊಣೆಯನ್ನು ಸರ್ಕಾರಗಳೇ ಹೊರಬೇಕು.